ಬೆದರಿಕೆಗೆ ಗುರಿಯಾದವರ ಕಾವಲು: ಖರ್ಚು ಯಾರದು?

ಬೆದರಿಕೆಗೆ ಗುರಿಯಾದ ವ್ಯಕ್ತಿಯ ಮನೆ ಮುಂದೆ ಪೊಲೀಸರನ್ನು ನಿಲ್ಲಿಸಿದ ದಿನದಿಂದಲೇ ಖರ್ಚು ಶುರುವಾಗುತ್ತದೆ. ಸಿಬ್ಬಂದಿಯ ಸಂಬಳ, ಭತ್ಯೆ, ವಾಹನ, ಶಸ್ತ್ರ, ರಜೆಯ ದಿನ ಬದಲಿಗೆ ಬರುವವನ ಸಂಬಳ ಎಲ್ಲವೂ ಅದರಲ್ಲಿ ಸೇರುತ್ತದೆ. ಇದನ್ನು ಸರ್ಕಾರದ ಬೊಕ್ಕಸ ಹೊರಬೇಕೇ, ಕಾವಲು ಪಡೆದವರೇ ಕಟ್ಟಬೇಕೇ, ಅಥವಾ ಅವರು ದುಡಿಯುವ ಪತ್ರಿಕೆ, ಪಕ್ಷ, ಸಂಘಟನೆಗಳು ಕೊಡಬೇಕೇ ಎಂಬ ಪ್ರಶ್ನೆಗೆ ಭಾರತದಲ್ಲಿ ಇಂದಿಗೂ ಒಂದೇ ಉತ್ತರ ಇಲ್ಲ. ಮಂತ್ರಿಗೆ ಒಂದು ಲೆಕ್ಕ, ಉದ್ಯಮಿಗೆ ಇನ್ನೊಂದು. ನಿಷ್ಠುರವಾಗಿ ಮಾತಾಡುವ ಲೇಖಕ, ಪತ್ರಕರ್ತ, ವಕೀಲ, ಕಾರ್ಮಿಕ ಮುಖಂಡರ ಮಟ್ಟಿಗೆ ಯಾವ ಲೆಕ್ಕವೂ ಸ್ಪಷ್ಟವಾಗಿಲ್ಲ. ಅವರಿಗೆ ಕಾವಲು ಸಿಗುವುದೂ ತಪ್ಪುವುದೂ ಆಯಾ ಸರ್ಕಾರದ ಮರ್ಜಿಗೆ ಬಿಟ್ಟದ್ದು. ಮುಂಬಯಿಯ ಪೂರ್ವ ಉಪನಗರ ಘಾಟ್ಕೋಪರ್ ಈ ಪ್ರಶ್ನೆಯ ಬೆಲೆಯನ್ನು ಕಣ್ಣಾರೆ ಕಂಡಿದೆ.

ಘಾಟ್ಕೋಪರ್‌ನಿಂದ ಪವಾಯಿಗೆ ದಾರಿ ಉದ್ದವೇನಲ್ಲ. ರಸ್ತೆ ಖಾಲಿಯಿದ್ದರೆ ಅರ್ಧ ಗಂಟೆಯೂ ಬೇಡ. ಈ ಎರಡು ಬಡಾವಣೆಗಳ ನಡುವೆ ಓಡಾಡುತ್ತಿದ್ದ ಇಬ್ಬರು, ಹದಿನಾಲ್ಕು ವರ್ಷಗಳ ಅಂತರದಲ್ಲಿ, ದಾರಿಯಲ್ಲೇ ಗುಂಡಿಗೆ ಬಲಿಯಾದರು.

ಮೊದಲನೆಯವರು ಡಾ. ದತ್ತಾ ಸಾಮಂತ್. ಕೊಂಕಣದಿಂದ ಬಂದು ವೈದ್ಯಕೀಯ ಓದಿ, ಘಾಟ್ಕೋಪರ್‌ನ ಪಂತನಗರದಲ್ಲಿ ದವಾಖಾನೆ ತೆರೆದವರು. ಸುತ್ತಲಿನ ಗುಡ್ಡಗಳಲ್ಲಿ ಕಲ್ಲು ಒಡೆಯುತ್ತಿದ್ದ ಕೂಲಿಗಳು ಅವರ ರೋಗಿಗಳು. ಅವರ ಗಾಯಕ್ಕೆ ಮದ್ದು ಹಾಕುತ್ತಲೇ ಕೂಲಿಯ ಲೆಕ್ಕವನ್ನೂ ಕೇಳತೊಡಗಿದ ವೈದ್ಯರು ಕೊನೆಗೆ ಮುಂಬಯಿಯ ಅತ್ಯಂತ ಬಿರುಸಿನ ಕಾರ್ಮಿಕ ಮುಖಂಡರಾದರು. 1982ರ ಜನವರಿ 18ರಂದು ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಅವರ ಹಿಂದೆ ನಿಂತರು. 1984ರಲ್ಲಿ, ಕಾಂಗ್ರೆಸ್ ಅಲೆ ದೇಶವನ್ನೇ ಆವರಿಸಿದ್ದಾಗ, ಸಾಮಂತ್ ಮುಂಬಯಿಯಿಂದ ಲೋಕಸಭೆಗೆ ಗೆದ್ದರು. 1997ರ ಜನವರಿ 16ರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪವಾಯಿಯ ಮನೆಯಿಂದ ಪಂತನಗರದ ಕಚೇರಿಗೆ ಹೊರಟಿದ್ದ ಅವರ ಗಾಡಿಗೆ, ಮನೆಯಿಂದ ಕೂಗಳತೆಯಲ್ಲೇ, ಸೈಕಲ್ಲೊಂದು ಅಡ್ಡ ಬಂತು. ಗಾಡಿ ನಿಧಾನವಾದ ಕೂಡಲೇ ನಾಲ್ವರು ಗುಂಡಿನ ಮಳೆಗರೆದರು. ಸಂಚಿನ ಆರೋಪ ಹೊತ್ತಿದ್ದ ಭೂಗತ ದೊರೆ ಛೋಟಾ ರಾಜನ್ ವಿಚಾರಣೆ ಮುಗಿದು, ಸಾಕ್ಷ್ಯ ಸಾಲದೆ ಆತ ಖುಲಾಸೆಯಾದದ್ದು 2023ರ ಜುಲೈಯಲ್ಲಿ, ಇಪ್ಪತ್ತಾರು ವರ್ಷಗಳ ನಂತರ.

ಎರಡನೆಯವರು ‘ಮಿಡ್ ಡೇ’ ಪತ್ರಿಕೆಯ ಹಿರಿಯ ಅಪರಾಧ ವರದಿಗಾರ ಜ್ಯೋತಿರ್ಮಯ್ ಡೇ. ಊರಿಗೆಲ್ಲ ಅವರು ಜೆ. ಡೇ. 2011ರ ಜೂನ್ 11ರ ಮಧ್ಯಾಹ್ನ ಘಾಟ್ಕೋಪರ್‌ನಲ್ಲಿದ್ದ ತಾಯಿಯ ಮನೆಯಿಂದ ಬೈಕಿನಲ್ಲಿ ಪವಾಯಿಗೆ ಮರಳುತ್ತಿದ್ದಾಗ ಹಿಂದಿನಿಂದ ಬೈಕುಗಳಲ್ಲಿ ಬಂದವರು ಗುಂಡು ಹಾರಿಸಿದರು. ಈ ಪ್ರಕರಣದಲ್ಲಿ 2018ರ ಮೇ 2ರಂದು ಛೋಟಾ ರಾಜನ್ ಸೇರಿ ಒಂಬತ್ತು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಡೇ ಹತ್ಯೆಗೆ ಹದಿನಾರು ತಿಂಗಳು ಮೊದಲು, 2010ರ ಫೆಬ್ರವರಿ 11ರಂದು, ಪಕ್ಕದ ಕುರ್ಲಾದಲ್ಲಿ ವಕೀಲ ಶಾಹಿದ್ ಆಜ್ಮಿ ತಮ್ಮ ಕಚೇರಿಯಲ್ಲೇ ಕೊಲೆಯಾಗಿದ್ದರು. ಭಯೋತ್ಪಾದನೆ ಪ್ರಕರಣಗಳಲ್ಲಿ ಸಿಕ್ಕಿಕೊಂಡ ನಿರ್ದೋಷಿಗಳ ಪರ ವಾದಿಸುವುದು ಅವರ ಕೆಲಸವಾಗಿತ್ತು.

ಮೂವರದೂ ಬೇರೆ ಬೇರೆ ದಾರಿ. ಆದರೆ ಮೂವರೂ ಮಾಡುತ್ತಿದ್ದ ಕೆಲಸದ ಫಲ ಅವರ ಮನೆಗಷ್ಟೇ ಸೇರುವಂಥದ್ದಾಗಿರಲಿಲ್ಲ. ಕಾವಲಿನ ಖರ್ಚು ಯಾರದು ಎಂದು ಲೆಕ್ಕ ಹಾಕುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಪೊಲೀಸ್ ಕಾವಲು ಸಿಗುವ ಕ್ರಮ ಹೀಗಿದೆ. ಬೆದರಿಕೆ ಬಂದವರು ಸ್ಥಳೀಯ ಠಾಣೆಗೋ ಕಮಿಷನರಿಗೋ ಅರ್ಜಿ ಕೊಡುತ್ತಾರೆ. ಬೆದರಿಕೆ ನಿಜವೇ, ಎಷ್ಟು ಗಂಭೀರ ಎಂದು ಪೊಲೀಸರೂ ಗುಪ್ತವಾರ್ತೆಯವರೂ ವರದಿ ಸಿದ್ಧಪಡಿಸುತ್ತಾರೆ. ಅದರ ಮೇಲೆ ಸಮಿತಿ ತೀರ್ಮಾನ ಕೊಡುತ್ತದೆ. ಮುಂಬಯಿ ಪೊಲೀಸರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಸಂರಕ್ಷಣಾ ವಿಭಾಗವಿದೆ. ಎಕ್ಸ್, ವೈ, ವೈ ಪ್ಲಸ್, ಝಡ್, ಝಡ್ ಪ್ಲಸ್ ಎಂಬ ದರ್ಜೆಗಳಲ್ಲಿ ಕೆಳಗಿನದಕ್ಕೆ ಒಬ್ಬಿಬ್ಬರು ಅಂಗರಕ್ಷಕರು ಮಾತ್ರ. ಮೇಲಿನದಕ್ಕೆ ಹತ್ತಾರು ಸಿಬ್ಬಂದಿ, ಬೆಂಗಾವಲು ವಾಹನ, ಕಮಾಂಡೊಗಳು. ಪೊಲೀಸ್ ವ್ಯವಸ್ಥೆ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ರಾಜ್ಯದ ವಿಷಯವಾದ್ದರಿಂದ ಸಾಮಾನ್ಯವಾಗಿ ಖರ್ಚು ರಾಜ್ಯದ ತಲೆಯ ಮೇಲೆ; ಸಿಆರ್‌ಪಿಎಫ್‌ನಂಥ ಪಡೆಯನ್ನು ಕೊಟ್ಟಾಗ ಕೇಂದ್ರವೂ ಬರುತ್ತದೆ.

ಜನ ‘ಒಬ್ಬ ಗನ್‌ಮ್ಯಾನ್’ ಎನ್ನುವಾಗ ಒಬ್ಬನ ಸಂಬಳವಷ್ಟೇ ಕಣ್ಣ ಮುಂದೆ ಬರುತ್ತದೆ. ದಿನದ ಇಪ್ಪತ್ನಾಲ್ಕು ತಾಸೂ ಒಬ್ಬ ಶಸ್ತ್ರಧಾರಿ ಇರಬೇಕೆಂದರೆ ಹನ್ನೆರಡು ತಾಸಿನ ಪಾಳಿಯಲ್ಲೇ ಇಬ್ಬರು ಬೇಕು, ವಾರದ ರಜೆಗೂ ಕಾಯಿಲೆಗೂ ಮೂರನೆಯವನು ಬೇಕು. ಪಾಳಿ ಎಂಟು ತಾಸಿಗೆ ಇಳಿದರೆ ಇನ್ನೊಬ್ಬ. ಪ್ರತಿಯೊಬ್ಬನೂ ಪಾಳಿಯ ಮುನ್ನ ಪಿಸ್ತೂಲು ಪಡೆದು, ಗುಂಡುಗಳನ್ನು ಎಣಿಸಿಕೊಂಡು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾನೆ. ಪಾಳಿ ಮುಗಿದಾಗ ಅಷ್ಟೇ ಗುಂಡುಗಳನ್ನು ಎಣಿಸಿ ಒಪ್ಪಿಸುತ್ತಾನೆ. ಅವನು ಹೋದ ಠಾಣೆಯಲ್ಲಿ ರಾತ್ರಿ ಗಸ್ತಿಗೆ ಒಬ್ಬ ಕಡಿಮೆಯಾಗುತ್ತಾನೆ. ಹಾಗಾಗಿ ಕಾವಲಿನ ಖರ್ಚಿನಲ್ಲಿ ಒಂದು ಭಾಗ ರೂಪಾಯಿಯಲ್ಲಿ ಕಾಣದು. ಅದನ್ನು ಆ ಠಾಣೆಯ ವ್ಯಾಪ್ತಿಯ ಜನ ಹೊರುತ್ತಾರೆ. 2016ರಲ್ಲಿ ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಣ್ಯರ ಕಾವಲಿಗೆ ಸುಮಾರು 57 ಸಾವಿರ ಪೊಲೀಸರು ನೇಮಕವಾಗಿದ್ದರೆಂದು ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಅಂಕಿಅಂಶ ಹೇಳಿತ್ತು. ಗಣ್ಯರೆಂದರೆ ಬಹುಪಾಲು ಅಧಿಕಾರದಲ್ಲಿ ಇದ್ದವರು, ಇದ್ದು ಹೋದವರು. ಬರೆದದ್ದಕ್ಕೆ, ಮಾತಾಡಿದ್ದಕ್ಕೆ ಜೀವಭಯ ಎದುರಿಸುವವರು ಆ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು.

ಹಣ ಕೊಟ್ಟು ಪೊಲೀಸರನ್ನು ಪಡೆಯುವುದು ಹೊಸದಲ್ಲ. ಬ್ರಿಟಿಷರು ತಂದ 1861ರ ಪೊಲೀಸ್ ಕಾಯ್ದೆಯ 13ನೇ ಕಲಮು, ಅರ್ಜಿ ಹಾಕಿದವರ ಖರ್ಚಿನಲ್ಲಿ ಹೆಚ್ಚುವರಿ ಪೊಲೀಸರನ್ನು ನೇಮಿಸಲು ಅವಕಾಶ ಕೊಟ್ಟಿತ್ತು. 1951ರ ಬಾಂಬೆ ಪೊಲೀಸ್ ಕಾಯ್ದೆ, ಅಂದರೆ ಈಗಿನ ಮಹಾರಾಷ್ಟ್ರ ಪೊಲೀಸ್ ಕಾಯ್ದೆ, ಇದನ್ನು 47ನೇ ಕಲಮಿನಲ್ಲಿ ಉಳಿಸಿಕೊಂಡಿತು: ಅರ್ಜಿದಾರ ಹಣ ಕಟ್ಟಬೇಕು, ಆದರೆ ಪೊಲೀಸರು ಇಲಾಖೆಯ ಆಜ್ಞೆಯಲ್ಲೇ ಇರಬೇಕು. ಗಿರಣಿ, ಜಾತ್ರೆ, ಉತ್ಸವಗಳಿಗೆ ಹೊಂದುವ ಈ ವಿಧಾನವನ್ನು ಜೀವ ಬೆದರಿಕೆಗೂ ಅನ್ವಯಿಸಿದಾಗ ತೊಡಕು ಹುಟ್ಟುತ್ತದೆ. ಸಂವಿಧಾನದ 21ನೇ ವಿಧಿ ಜೀವದ ಹಕ್ಕನ್ನು ಕೊಡುವಾಗ ಆದಾಯ ಕೇಳುವುದಿಲ್ಲ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ನಾಗರಿಕನಾಗಿರಲಿ ಇಲ್ಲದಿರಲಿ ಪ್ರತಿಯೊಬ್ಬ ಮನುಷ್ಯನ ಜೀವ ಕಾಯುವುದು ರಾಜ್ಯದ ಹೊಣೆ ಎಂದು ಸ್ಪಷ್ಟವಾಗಿ ಹೇಳಿದೆ.

ಮುಂಬಯಿಯಲ್ಲಿ ಈ ವಾದ ಹೈಕೋರ್ಟಿನ ಮೆಟ್ಟಿಲೇರಿತು. ಪೊಲೀಸ್ ಕಾವಲು ಪಡೆದ ಎಷ್ಟೋ ಸಿರಿವಂತರು ಶುಲ್ಕ ಬಾಕಿ ಉಳಿಸಿಕೊಂಡಿದ್ದಾರೆ, ವಸೂಲಿ ಆಗುತ್ತಿಲ್ಲ ಎಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2017ರಲ್ಲಿ ಕೇಳುತ್ತಿದ್ದ ಪೀಠದ ಮುಖ್ಯಸ್ಥರು ಬಳ್ಳಾರಿ ಮೂಲದ ಮುಖ್ಯ ನ್ಯಾಯಮೂರ್ತಿ ಮಂಜುಳಾ ಚೆಲ್ಲೂರ್. ತೆರಿಗೆದಾರರ ಹಣ ಖಾಸಗಿ ವ್ಯಕ್ತಿಗಳ ಕಾವಲಿಗೆ ಯಾಕೆ ಹೋಗಬೇಕು, ರಾಜಕಾರಣಿಗಳ ಕಾವಲಿಗೆ ಅವರ ಪಕ್ಷದ ನಿಧಿಯಿಂದ ಕೊಡಬಾರದೇಕೆ ಎಂದು ಪೀಠ ಸರ್ಕಾರವನ್ನು ಕೇಳಿತು. ಉದ್ಯಮಿಗಳ ಮಟ್ಟಿಗೆ ಉತ್ತರ ಕೊನೆಗೆ ದಿಲ್ಲಿಯಿಂದ ಬಂತು. ಮುಖೇಶ್ ಅಂಬಾನಿ ಕುಟುಂಬಕ್ಕೆ ದೇಶವಿಡೀ, ವಿದೇಶದಲ್ಲೂ ಝಡ್ ಪ್ಲಸ್ ಕಾವಲು ಕೊಡಬೇಕು, ಪೂರ್ತಿ ಖರ್ಚನ್ನು ಅವರೇ ಭರಿಸಬೇಕು ಎಂದು ಸುಪ್ರೀಂ ಕೋರ್ಟು 2023ರ ಫೆಬ್ರವರಿ 27ರಂದು ಆದೇಶಿಸಿತು.

ಈ ಆದೇಶ ನ್ಯಾಯವಾದದ್ದೇ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡು ಲೇಖಕನಿಗೂ ಬಿಲ್ಲು ಕಳಿಸಿದರೆ ಅನ್ಯಾಯ. ಸಂಪತ್ತಿಗಾಗಿ ಬರುವ ಬೆದರಿಕೆಗೂ ಮಾತಿಗಾಗಿ ಬರುವ ಬೆದರಿಕೆಗೂ ಬುಡದಲ್ಲೇ ವ್ಯತ್ಯಾಸವಿದೆ. ಬಿಲ್ಡರನ್ನು ಬೆದರಿಸುವವನಿಗೆ ಬೇಕಾದದ್ದು ಅವನ ದುಡ್ಡು. ವರದಿಗಾರನನ್ನು ಬೆದರಿಸುವವನಿಗೆ ಬೇಕಾದದ್ದು ಲಕ್ಷಾಂತರ ಓದುಗರಿಗೆ ಸುದ್ದಿ ತಲುಪದಿರುವುದು. ಒಬ್ಬನನ್ನು ಕೊಂದರೆ ನೂರು ಜನ ಬಾಯಿ ಮುಚ್ಚುತ್ತಾರೆಂಬ ಲೆಕ್ಕಾಚಾರ ಅಲ್ಲಿರುತ್ತದೆ. ನಷ್ಟ ಸಾರ್ವಜನಿಕರದಾದ್ದರಿಂದ ಕಾವಲಿನ ಹೊಣೆಯೂ ಸಾರ್ವಜನಿಕ ಬೊಕ್ಕಸದ್ದೇ.

ಇವೆರಡರ ನಡುವೆ ಸಿಲುಕಿದವರೂ ಇದ್ದಾರೆ. 1990ರ ದಶಕದಲ್ಲಿ ಮುಂಬಯಿಯ ಹೋಟೆಲ್ ಮಾಲೀಕರಿಗೆ, ಅವರಲ್ಲಿ ಉಡುಪಿ–ಮಂಗಳೂರು ಕಡೆಯ ಎಷ್ಟೋ ಜನರಿಗೆ, ಹಫ್ತಾ ಕೇಳುವ ಕರೆಗಳು ಬರುತ್ತಿದ್ದವು. ಸಣ್ಣ ಹೋಟೆಲಿನವನಿಗೆ ಗಲ್ಲಾಪೆಟ್ಟಿಗೆಯ ದುಡ್ಡಿನಲ್ಲಿ ಖಾಸಗಿ ಕಾವಲುಗಾರನನ್ನು ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಬಂದ ಮೇಲೂ ಅಂಥ ಕಾವಲುಗಾರನಿಗೆ ಪೊಲೀಸನ ಅಧಿಕಾರ ಇಲ್ಲ. ಅನುಮಾನ ಬಂದವನ ಮೇಲೆ ನಿಗಾ ಇಡಲು, ಫೋನು ಯಾರದೆಂದು ಪತ್ತೆ ಹಚ್ಚಲು ಅವನಿಂದ ಆಗದು. ದುಡ್ಡಿದ್ದವರು ಕೊಳ್ಳಬಹುದಾದ ಖಾಸಗಿ ಕಾವಲಿಗೂ ಪೊಲೀಸ್ ಕಾವಲಿಗೂ ಇರುವ ಅಂತರ ಇಲ್ಲಿದೆ.

ಹಣ ಕೊಟ್ಟವರಿಗೆ ಪೊಲೀಸರು ಸಿಗಬೇಕೇ ಎಂಬ ಪ್ರಶ್ನೆಯನ್ನು ಬ್ರಿಟನ್ ನೇರವಾಗಿ ಎದುರಿಸಿತು. ರಾಜಮನೆತನದ ಕರ್ತವ್ಯ ಬಿಟ್ಟ ರಾಜಕುಮಾರ ಹ್ಯಾರಿ, ಬ್ರಿಟನ್ನಿಗೆ ಬಂದಾಗ ಪೊಲೀಸ್ ಕಾವಲಿನ ಖರ್ಚನ್ನು ತಾವೇ ಕೊಡುವುದಾಗಿ ಹೇಳಿದರು. ಸರ್ಕಾರ ಒಪ್ಪಲಿಲ್ಲ, ಆ ನಿರಾಕರಣೆಯನ್ನು ಪ್ರಶ್ನಿಸಲು ಅವರಿಗೆ 2023ರ ಮೇ ತಿಂಗಳಲ್ಲಿ ಹೈಕೋರ್ಟಿನ ಅನುಮತಿ ಸಿಗಲಿಲ್ಲ. ದುಡ್ಡಿದ್ದವರು ತರಬೇತಾದ ಪೊಲೀಸರನ್ನು ಬಾಡಿಗೆಗೆ ಪಡೆಯುವಂತಾದರೆ, ಅಪಾಯ ಹೆಚ್ಚಿದ್ದೂ ದುಡ್ಡಿಲ್ಲದವರಿಗೆ ಪೊಲೀಸರು ಉಳಿಯುವುದಿಲ್ಲ ಎಂಬ ವಾದದಲ್ಲಿ ತೂಕವಿದೆ. ಮೊದಲು ಅಪಾಯವನ್ನಷ್ಟೇ ನೋಡಿ ಕಾವಲು ಬೇಕೋ ಬೇಡವೋ ತೀರ್ಮಾನಿಸಬೇಕು. ಬಿಲ್ಲಿನ ಮಾತು ಆಮೇಲೆ. ಬಿಲ್ಲು ಕಟ್ಟುವ ತಾಕತ್ತು ಕಾವಲು ಪಡೆಯುವ ಅರ್ಹತೆಯಾಗಬಾರದು.

ಮಾತಿಗಾಗಿ ಬೆದರಿಕೆಗೆ ಗುರಿಯಾದವರ ಖರ್ಚನ್ನು ಸರ್ಕಾರ ಹೊತ್ತ ಪ್ರಸಿದ್ಧ ಪ್ರಕರಣ ಸಲ್ಮಾನ್ ರಶ್ದಿ ಅವರದು. 1989ರ ಫೆಬ್ರವರಿ 14ರಂದು ಇರಾನಿನ ಪರಮೋಚ್ಚ ನಾಯಕ ಖೊಮೇನಿ ರಶ್ದಿ ತಲೆಗೆ ಫತ್ವಾ ಹೊರಡಿಸಿದ ಮೇಲೆ ಬ್ರಿಟಿಷ್ ಪೊಲೀಸರ ವಿಶೇಷ ದಳ ಅವರನ್ನು ವರ್ಷಗಟ್ಟಲೆ ಕಾಯಿತು. ಒಬ್ಬ ಕಾದಂಬರಿಕಾರನಿಗೆ ಇಷ್ಟು ಖರ್ಚೇ ಎಂದು ಅಲ್ಲಿನ ಪತ್ರಿಕೆಗಳು ಕೂಗಾಡಿದವು. ಆದರೆ ಬಚ್ಚಿಟ್ಟುಕೊಳ್ಳುವ ಮನೆಗಳನ್ನು ಹುಡುಕಿ, ಬಾಡಿಗೆ ಕೊಡುತ್ತಿದ್ದವರು ರಶ್ದಿಯೇ. ಪೊಲೀಸರ ಖರ್ಚು ಸರ್ಕಾರದ್ದು, ತಲೆಮರೆಸಿ ಬದುಕುವ ಖರ್ಚು ಲೇಖಕನದ್ದು. ಪುಸ್ತಕದ ಗಳಿಕೆ ಇದ್ದ ರಶ್ದಿಗೆ ಅದು ಸಾಧ್ಯವಾಯಿತು. ಕನ್ನಡದ ಬಹುತೇಕ ಲೇಖಕರಿಗೆ ಒಂದು ತಿಂಗಳೂ ಸಾಧ್ಯವಾಗದು.

ನೆದರ್‌ಲ್ಯಾಂಡ್ಸ್‌ನ ಅನುಭವ ಇನ್ನೊಂದು ಬಗೆಯದು. 2004ರ ನವೆಂಬರ್ 2ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚಿತ್ರ ನಿರ್ದೇಶಕ ಥಿಯೊ ವಾನ್ ಗಾಗ್ ಅವರನ್ನು ಕೊಂದವನು, ಸೊಮಾಲಿಯಾ ಮೂಲದ ಸಂಸದೆ ಅಯಾನ್ ಹಿರ್ಸಿ ಅಲಿಗೆ ಬರೆದ ಬೆದರಿಕೆ ಪತ್ರವನ್ನು ಶವಕ್ಕೆ ಚಾಕುವಿನಿಂದ ಚುಚ್ಚಿಟ್ಟಿದ್ದ. ಡಚ್ ಸರ್ಕಾರ ಆಕೆಗೆ ಕಾವಲು ಕೊಟ್ಟಿತು. ಆಕೆ ಅಮೆರಿಕಕ್ಕೆ ನೆಲೆ ಬದಲಿಸಿದ ಮೇಲೆ, 2007ರ ಅಕ್ಟೋಬರಿನಿಂದ, ದೇಶದ ಹೊರಗಿನ ಖರ್ಚು ಕೊಡಲಾಗದು ಎಂದಿತು. ಅಮೆರಿಕ ಸರ್ಕಾರ ಖಾಸಗಿ ವ್ಯಕ್ತಿಗೆ ಕಾವಲು ಕೊಡುವ ಪದ್ಧತಿಯಿಲ್ಲ. ಕೊನೆಗೆ ಅಭಿಮಾನಿಗಳ ದೇಣಿಗೆಯೇ ದಿಕ್ಕಾಯಿತು. ದೇಣಿಗೆ ಹುಟ್ಟುವುದು ಹೆಸರಿದ್ದವರಿಗೆ ಮಾತ್ರ. ತಾಲ್ಲೂಕು ಪತ್ರಿಕೆಯಲ್ಲಿ ಮರಳು ದಂಧೆ ಬಯಲಿಗೆಳೆದವನಿಗೆ ಯಾರು ಚಂದಾ ಎತ್ತುತ್ತಾರೆ? ಪತ್ರಕರ್ತರ ಕೊಲೆಗಳಿಂದ ನಲುಗಿದ ಕೊಲಂಬಿಯಾ 2000ದಲ್ಲೇ ಅವರಿಗಾಗಿ ಸರ್ಕಾರಿ ರಕ್ಷಣಾ ಯೋಜನೆ ತಂದು, 2011ರಲ್ಲಿ ರಾಷ್ಟ್ರೀಯ ಸಂರಕ್ಷಣಾ ಘಟಕ ಸ್ಥಾಪಿಸಿತು. ಅಪಾಯಕ್ಕೆ ತಕ್ಕಂತೆ ಫೋನು, ಗುಂಡು ತಡೆಯುವ ಅಂಗಿ, ಅಂಗರಕ್ಷಕ, ವಾಹನ ಕೊಡುತ್ತಾರೆ. ಲೋಪಗಳು ಬಹಳ ಇವೆ. ಆದರೆ ಖರ್ಚು ಯಾರದು ಎಂಬ ಚರ್ಚೆಯಲ್ಲಿ ಜೀವ ಹೋಗುವುದಿಲ್ಲ.

ಕರ್ನಾಟಕಕ್ಕೆ ಈ ಪ್ರಶ್ನೆ ಮನೆಯ ಬಾಗಿಲಿಗೆ ಬಂದದ್ದು 2015ರ ಆಗಸ್ಟ್ 30ರಂದು. ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಬೆಳಿಗ್ಗೆ ಬಾಗಿಲು ತಟ್ಟಿದವರು ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದರು. 2014ರಲ್ಲಿ ಅವರ ಹೇಳಿಕೆಯೊಂದರ ವಿರುದ್ಧ ಗಲಾಟೆ ಎದ್ದಾಗ ಮನೆಗೆ ಪೊಲೀಸ್ ಕಾವಲು ಹಾಕಲಾಗಿತ್ತು; ಅದು ಅವರ ಕೋರಿಕೆಯಂತೆಯೇ ಹಿಂದೆ ಸರಿದಿತ್ತೆಂದು ಆಗ ವರದಿಯಾಯಿತು. ಎರಡು ವರ್ಷ ಮುಂಚೆ, 2013ರ ಆಗಸ್ಟ್ 20ರಂದು, ಪುಣೆಯಲ್ಲಿ ಕೊಲೆಯಾದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕೂಡ ಪೊಲೀಸ್ ಕಾವಲು ಬೇಡವೆಂದವರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆ ಬಾಗಿಲಲ್ಲೇ ಕೊಲೆಯಾದ ಪತ್ರಕರ್ತೆ ಗೌರಿ ಲಂಕೇಶ್ ಅವರಿಗೂ ಕಾವಲಿರಲಿಲ್ಲ. ಜಾಹೀರಾತಿಲ್ಲದೆ ನಡೆಯುತ್ತಿದ್ದ ಅವರ ವಾರಪತ್ರಿಕೆಗೆ ಖಾಸಗಿ ಕಾವಲು ಊಹಿಸಲೂ ಆಗದ ಖರ್ಚಾಗಿತ್ತು.

ಕಾವಲು ಬೇಡವೆನ್ನುವವರ ಕಾರಣಗಳು ಗಟ್ಟಿಯಾಗಿಯೇ ಇರುತ್ತವೆ. ಅಪರಾಧ ವರದಿಗಾರನ ಬಂಡವಾಳ ಅವನಿಗೆ ಸುದ್ದಿ ತಂದುಕೊಡುವ ಖಬರಿಗಳು. ಪಂತನಗರದ ಚಹಾದಂಗಡಿಯಲ್ಲೋ ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಯ ಮೇಲೋ ಅವನಿಗೆ ಗುಟ್ಟು ಹೇಳಲು ಬಂದವನು, ಎರಡಡಿ ದೂರದಲ್ಲಿ ಸೊಂಟದಲ್ಲಿ ಪಿಸ್ತೂಲಿಟ್ಟ ಪೊಲೀಸನನ್ನು ಕಂಡರೆ ಗುಂಪಿನಲ್ಲಿ ಕರಗಿಹೋಗುತ್ತಾನೆ. ಯಾರನ್ನು ಎಷ್ಟು ಹೊತ್ತಿಗೆ ಭೇಟಿಯಾದರು ಎಂಬುದೆಲ್ಲ ಅಂಗರಕ್ಷಕನಿಗೆ ಗೊತ್ತಿರುತ್ತದೆ. ಅವನ ಮೇಲಧಿಕಾರಿಗೂ ಗೊತ್ತಾಗಬಹುದು. ಪೊಲೀಸರ ವಿರುದ್ಧವೇ ಬರೆಯುವವನಿಗೆ ಇದು ಒಪ್ಪುವ ಮಾತಲ್ಲ. ಘಾಟ್ಕೋಪರ್‌ನದೇ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ 1997ರ ಜುಲೈ 11ರಂದು, ಅಂಬೇಡ್ಕರ್ ಪ್ರತಿಮೆಗೆ ಆದ ಅಪಮಾನವನ್ನು ಪ್ರತಿಭಟಿಸುತ್ತಿದ್ದ ದಲಿತರ ಮೇಲೆ ಮೀಸಲು ಪೊಲೀಸರು ಗುಂಡು ಹಾರಿಸಿ ಹತ್ತು ಜನ ಸತ್ತರು. ಅಂಥ ಕಡೆಯ ಹೋರಾಟಗಾರನಿಗೆ ಖಾಕಿ ಸಮವಸ್ತ್ರ ಬಾಗಿಲಲ್ಲಿ ನಿಂತರೆ ನಿದ್ದೆ ಬರಬೇಕೆಂದೇನಿಲ್ಲ.

ಬೇಡವೆಂದ ಮಾತ್ರಕ್ಕೆ ಸರ್ಕಾರದ ಹೊಣೆ ಕಳಚುವುದಿಲ್ಲ. ಇಸ್ತಾಂಬುಲ್‌ನ ‘ಅಗೋಸ್’ ಪತ್ರಿಕೆಯ ಸಂಪಾದಕ ಹ್ರಾಂತ್ ಡಿಂಕ್ ಅವರನ್ನು 2007ರ ಜನವರಿ 19ರಂದು ಕಚೇರಿಯ ಹೊರಗೆ ಕೊಂದರು. ಅವರು ಕಾವಲು ಕೇಳಿರಲಿಲ್ಲ. ಆದರೆ ಕೊಲೆ ಸಂಚಿನ ಸುಳಿವು ಪೊಲೀಸರಿಗೆ ಮೊದಲೇ ಸಿಕ್ಕಿತ್ತು. ಸುಳಿವಿದ್ದೂ ಸುಮ್ಮನಿದ್ದದ್ದು ಜೀವದ ಹಕ್ಕಿಗೂ ಮಾತಿನ ಹಕ್ಕಿಗೂ ಆದ ಭಂಗವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ತೀರ್ಪಿತ್ತು, ಟರ್ಕಿಯನ್ನು ಹೊಣೆ ಮಾಡಿತು. ತನ್ನ ಸುತ್ತ ಹೆಣೆದ ಸಂಚು ಬಲಿಯಾಗುವವನಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಗುಪ್ತವಾರ್ತೆ ಇಲಾಖೆಗೆ.

ಗೌರಿ ಹತ್ಯೆಯ ನಂತರ ಕರ್ನಾಟಕ ಸರ್ಕಾರ ಗಿರೀಶ್ ಕಾರ್ನಾಡ್, ಬರಗೂರು ರಾಮಚಂದ್ರಪ್ಪ, ಕೆ.ಎಸ್. ಭಗವಾನ್ ಮೊದಲಾದ ಲೇಖಕರಿಗೆ ತನ್ನ ಖರ್ಚಿನಲ್ಲೇ ಕಾವಲು ಕೊಟ್ಟಿತು. ಆದರೆ ಅವರಲ್ಲಿ ಕೆಲವರ ಜೀವ ಉಳಿಸಿದ ಶ್ರೇಯ ಬಹುಮಟ್ಟಿಗೆ ತನಿಖೆಗೆ ಸಲ್ಲಬೇಕು. 2018ರಲ್ಲಿ ಭಗವಾನ್ ಅವರನ್ನು ಕೊಲ್ಲುವ ಸಂಚು ಬಯಲಾಯಿತು, ಆರೋಪಿಗಳು ಸೆರೆಯಾದರು. ಗೌರಿ ಹತ್ಯೆಯ ವಿಶೇಷ ತನಿಖಾ ತಂಡಕ್ಕೆ ಸಿಕ್ಕ ಆರೋಪಿಯ ಡೈರಿಯ ಗುರಿ ಪಟ್ಟಿಯಲ್ಲಿ ಕಾರ್ನಾಡರ ಹೆಸರು ಗೌರಿ ಹೆಸರಿಗಿಂತ ಮೇಲಿತ್ತು. ಗೌರಿ ಮತ್ತು ಕಲಬುರ್ಗಿ ಇಬ್ಬರ ಕೊಲೆಗೂ ಒಂದೇ ನಾಡ ಪಿಸ್ತೂಲು ಬಳಕೆಯಾಗಿತ್ತೆಂದು ವಿಧಿವಿಜ್ಞಾನ ಪರೀಕ್ಷೆ ತೋರಿಸಿತು. ಧಾರವಾಡದ ಕೊಲೆಗಾರರು ಆ ವರ್ಷವೇ ಸಿಕ್ಕಿದ್ದರೆ ಬೆಂಗಳೂರಿನ ಕೊಲೆ ಆಗುತ್ತಿತ್ತೇ ಎಂದು ಕೇಳದೆ ಇರಲಾಗದು. ಪ್ರತಿ ಬಾಗಿಲಿಗೆ ಗನ್‌ಮ್ಯಾನ್ ನಿಲ್ಲಿಸುವುದಕ್ಕಿಂತ ಒಂದು ತಂಡಕ್ಕೆ ಸಮಯ, ಸಿಬ್ಬಂದಿ, ಸ್ವಾತಂತ್ರ್ಯ ಕೊಟ್ಟು ತನಿಖೆ ಮಾಡಿಸುವುದು ಕಡಿಮೆ ಖರ್ಚಿನ ರಕ್ಷಣೆ.

ಸರ್ಕಾರವೇ ಖರ್ಚು ಹೊರಬೇಕೆಂಬುದಕ್ಕೆ ಬರುವ ದೊಡ್ಡ ಆಕ್ಷೇಪ ಇದು: ತಮ್ಮ ನಂಬಿಕೆಯನ್ನು ನೋಯಿಸಿದವನ ಕಾವಲಿಗೆ ತಮ್ಮದೇ ತೆರಿಗೆ ಏಕೆ ಹೋಗಬೇಕು? ನೋವು ನಿಜವಿರಬಹುದು. ಮಾತು ಕಾನೂನು ಮೀರಿದ್ದರೆ ಅದಕ್ಕೆ ಮೊಕದ್ದಮೆ ಇದೆ, ನ್ಯಾಯಾಲಯವಿದೆ. ಕಾವ​ಲು ಕೊಟ್ಟ ಸರ್ಕಾರ ಆ ಮಾತನ್ನು ಅನುಮೋದಿಸಿದಂತಲ್ಲ. ಕೊಲೆ ಶಿಕ್ಷೆಯ ದಾರಿಯಲ್ಲ ಎಂದಷ್ಟೇ ಹೇಳಿದಂತೆ. ಇದೇ ನ್ಯಾಯ ಎಲ್ಲ ಬಣ್ಣದ ಮಾತಿಗೂ ಸಲ್ಲಬೇಕು. ಇನ್ನೊಂದು ಆಕ್ಷೇಪ ಹೆಚ್ಚು ವ್ಯಾವಹಾರಿಕ. ಗನ್‌ಮ್ಯಾನ್ ಇರುವುದು ಪ್ರತಿಷ್ಠೆಯ ಗುರುತಾದ ಕಡೆ, ತಮಗೆ ತಾವೇ ಬೆದರಿಕೆ ಕರೆ ಮಾಡಿಸಿಕೊಂಡವರೂ ಪೊಲೀಸರ ಕೈಗೆ ಸಿಕ್ಕಿದ್ದಾರೆ. ಇದಕ್ಕೆ ಮದ್ದು ಕಟ್ಟುನಿಟ್ಟಿನ ಪರಿಶೀಲನೆ. ಶುಲ್ಕ ಹೇರಿದರೆ ಇಂಥವರು ಕಟ್ಟಿಬಿಡುತ್ತಾರೆ, ನಿಜವಾದ ಅಪಾಯದಲ್ಲಿರುವ ಬಡವ ಕಟ್ಟಲಾರ.

ಪತ್ರಿಕೆ, ಪಕ್ಷ, ಸಂಘಟನೆಗಳ ಪಾಲು ಎಷ್ಟು? ವರದಿಯಿಂದ ಲಾಭ ಪಡೆದ ದೊಡ್ಡ ಪತ್ರಿಕೆ ತನ್ನ ವರದಿಗಾರನ ವಿಮೆ, ಓಡಾಟದ ವಾಹನ, ಕೆಲಕಾಲ ಊರು ಬಿಟ್ಟಿರಬೇಕಾದರೆ ಅದರ ವೆಚ್ಚ ಇವನ್ನು ಕೊಡಲೇಬೇಕು. ಸಂಬಳವಿಲ್ಲದೆ ಸುದ್ದಿಗೆ ಇಷ್ಟೆಂದು ಪಡೆಯುವ ಜಿಲ್ಲಾ ವರದಿಗಾರರಿಗೂ ಅದು ಸಲ್ಲಬೇಕು. ಶಸ್ತ್ರದ ಕಾವಲು ಮಾತ್ರ ಸಂಸ್ಥೆಯ ಹೊಣೆಯಾಗಬಾರದು. ಖರ್ಚಿಗೆ ಹೆದರಿದ ಮಾಲೀಕ ಮೊದಲು ಕತ್ತರಿ ಹಾಕುವುದು ವರದಿಗೇ. ಜೆ. ಡೇ ಹತ್ಯೆಯ ನಂತರ ಎದ್ದ ಕೂಗಿನ ಫಲವಾಗಿ ಮಹಾರಾಷ್ಟ್ರ ವಿಧಾನಮಂಡಲ 2017ರ ಏಪ್ರಿಲಿನಲ್ಲಿ ಮಾಧ್ಯಮದವರ ಮೇಲಿನ ಹಿಂಸೆ ತಡೆಯುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಹಲ್ಲೆ ಮಾಡಿದವನಿಗೆ ಮೂರು ವರ್ಷದವರೆಗೆ ಸೆರೆ, 50 ಸಾವಿರ ರೂಪಾಯಿವರೆಗೆ ದಂಡ. ಹಾಳಾದ ಸ್ವತ್ತಿನ ಪರಿಹಾರ, ಆಸ್ಪತ್ರೆ ಖರ್ಚು ಅವನದೇ. ಒಳ್ಳೆಯದೇ, ಆದರೆ ಇವೆಲ್ಲ ಏಟು ಬಿದ್ದ ಮೇಲಿನ ಮಾತು.

ಬೆದರಿಸುವವನನ್ನು ಮೊದಲೇ ಹಣದ ಹೊಣೆಗೆ ಕಟ್ಟುವ ದಾರಿ ಕಾನೂನಿನಲ್ಲಿ ಇದೆ. ಶಾಂತಿ ಕದಡುವ ಸಂಭವವಿರುವವನಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಲ್ಲಿದೆ. ಮುಂಬಯಿ ಠಾಣೆಗಳಲ್ಲಿ ಇದನ್ನು ‘ಚಾಪ್ಟರ್ ಕೇಸ್’ ಎನ್ನುತ್ತಾರೆ. ಬೀದಿ ಜಗಳಕ್ಕೆ ಧಾರಾಳವಾಗಿ ಬಳಸುವ ಈ ಅಸ್ತ್ರವನ್ನು ಲೇಖಕರಿಗೆ ಬಹಿರಂಗವಾಗಿ ಬೆದರಿಕೆ ಹಾಕಿದವರ ಮೇಲೂ ಬಳಸಬಹುದು. ಕೊಲೆ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆ ಇದೆ.

ಕಾವಲಿನ ಲೆಕ್ಕದಲ್ಲಿ ಕಾಯುವವನನ್ನೇ ಮರೆಯುವುದು ದೊಡ್ಡ ತಪ್ಪು. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಅಂತುಳೆ ವಿರುದ್ಧ ಭ್ರಷ್ಟಾಚಾರದ ಮೊಕದ್ದಮೆ ಹೂಡಿ ಹೆಸರಾದ ಬಿಜೆಪಿ ಮುಖಂಡ ರಾಮದಾಸ್ ನಾಯಕ್ 1994ರಲ್ಲಿ ಮುಂಬಯಿಯಲ್ಲಿ ಗುಂಡಿಗೆ ಬಲಿಯಾದಾಗ ಅವರ ಪೊಲೀಸ್ ಅಂಗರಕ್ಷಕನೂ ಸತ್ತ. ಎಕೆ-47 ಮುಂದೆ ಸರ್ವಿಸ್ ಪಿಸ್ತೂಲಿನ ಒಬ್ಬ ಕಾನ್‌ಸ್ಟೆಬಲ್ ಏನು ಮಾಡಿಯಾನು? 2024ರ ಅಕ್ಟೋಬರ್ 12ರಂದು ಬಾಂದ್ರಾದಲ್ಲಿ ಮಾಜಿ ಮಂತ್ರಿ ಬಾಬಾ ಸಿದ್ದಿಕಿ ಕೊಲೆಯಾದಾಗಲೂ ಪೊಲೀಸನೊಬ್ಬ ಜೊತೆಗಿದ್ದ. ಅರೆಬರೆ ಕಾವಲು ಕೊಟ್ಟು ಕೈತೊಳೆದುಕೊಂಡರೆ ಒಂದರ ಬದಲು ಎರಡು ಜೀವ ಹೋಗುತ್ತದೆ. ಕಾವಲು ತೆಗೆಯುವಾಗಲೂ ಅಷ್ಟೇ ಎಚ್ಚರ ಬೇಕು. 2022ರ ಮೇ 28ರಂದು ಪಂಜಾಬ್ ಸರ್ಕಾರ 424 ಜನರ ಕಾವಲು ಕಡಿಮೆ ಮಾಡಿತು, ಪಟ್ಟಿ ಬಹಿರಂಗವಾಯಿತು. ಮರುದಿನವೇ ಆ ಪಟ್ಟಿಯಲ್ಲಿದ್ದ ಗಾಯಕ ಸಿಧು ಮೂಸೆವಾಲ ಕೊಲೆಯಾದರು. ಖರ್ಚು ಉಳಿಸಿದ್ದು ಡಂಗುರ ಸಾರುವ ಸಂಗತಿಯಲ್ಲ.

ಇದಕ್ಕೆಲ್ಲ ಮಾದರಿ ದೇಶದಲ್ಲೇ ಇದೆ. 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ಒಪ್ಪಿ ಜಾರಿಗೆ ತಂದ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲಿ ಕಾವಲು ಬೇಕೇ ಎಂದು ತೀರ್ಮಾನಿಸುವುದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ಬೆದರಿಕೆಯ ವರದಿ ಪೊಲೀಸರಿಂದ ಬರುತ್ತದೆ, ಆದೇಶ ಸಮಿತಿಯದು. ಒಂದು ಬಾರಿಗೆ ಮೂರು ತಿಂಗಳು ಮೀರದಂತೆ ಕಾವಲು, ಆಮೇಲೆ ಮರುಪರಿಶೀಲನೆ. ಖರ್ಚಿಗೆ ಪ್ರತ್ಯೇಕ ನಿಧಿ: ರಾಜ್ಯ ಬಜೆಟ್ಟಿನ ಹಣ, ನ್ಯಾಯಾಲಯಗಳು ಜಮಾ ಮಾಡಿಸುವ ವೆಚ್ಚ, ದತ್ತಿ ಸಂಸ್ಥೆಗಳ ದೇಣಿಗೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. ಸಾಕ್ಷಿಯಿಂದ ಯಾರೂ ಶುಲ್ಕ ಕೇಳುವುದಿಲ್ಲ, ಏಕೆಂದರೆ ಅವನ ಮಾತು ನ್ಯಾಯಕ್ಕೆ ಬೇಕು. ಆದರೆ ಯೋಜನೆ ಅಪರಾಧ ಪ್ರಕರಣದ ಸಾಕ್ಷಿಗಳಿಗೂ ಅವರ ಮನೆಯವರಿಗೂ ಸೀಮಿತ. ಹಗರಣ ಬರೆದ ವರದಿಗಾರ ಮೊಕದ್ದಮೆ ದಾಖಲಾಗಿ ಸಾಕ್ಷಿಯಾಗುವವರೆಗೆ ಅದರ ಹೊರಗೇ ಉಳಿಯುತ್ತಾನೆ.

ಬರೆದದ್ದಕ್ಕೆ, ಮಾತಾಡಿದ್ದಕ್ಕೆ, ಸಂಘಟಿಸಿದ್ದಕ್ಕೆ ಬೆದರಿಕೆಗೆ ಗುರಿಯಾದವರನ್ನೂ ಇಂಥದೇ ಸಮಿತಿಯ ವ್ಯಾಪ್ತಿಗೆ ತಂದರೆ ಕಾವಲು ಮಂತ್ರಿಯ ಕೃಪೆಯಾಗಿ ಉಳಿಯುವುದಿಲ್ಲ. ಪೊಲೀಸ್ ಕಾವಲು ಒಪ್ಪದವರಿಗೆ ಮನೆಗೆ ಗಟ್ಟಿ ಬಾಗಿಲು, ಕ್ಯಾಮೆರಾ, ತುರ್ತು ಕರೆಯ ಗುಂಡಿ, ಕೆಲವು ತಿಂಗಳ ಬೇರೆ ಮನೆಯ ಬಾಡಿಗೆ ಇವನ್ನು ಅದೇ ನಿಧಿಯಿಂದ ಕೊಡಬಹುದು. ಸಾಕ್ಷಿ ಯೋಜನೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಈಗಾಗಲೇ ಇವೆ. ಇದಕ್ಕೆ ಹೊಸ ಶಾಸನಕ್ಕಾಗಿ ಕಾಯಬೇಕಿಲ್ಲ; ರಾಜ್ಯದ ಗೃಹ ಇಲಾಖೆಯ ಆದೇಶ, ಬಜೆಟ್ಟಿನಲ್ಲಿ ಒಂದು ಲೆಕ್ಕ ಶೀರ್ಷಿಕೆ ಸಾಕು. ಕಾವಲಿಗೆ ನಿಂತ ಕಾನ್‌ಸ್ಟೆಬಲ್‌ನ ತರಬೇತಿ, ಗುಂಡು ತಡೆಯುವ ಅಂಗಿ, ವಿಮೆಯ ಖರ್ಚನ್ನೂ ಅದೇ ಆದೇಶದಲ್ಲಿ ಸೇರಿಸಬೇಕು.